ಡಬ್ಬಿ ಮೂಸುವ ಅತ್ತೆ

ಮನೆಯಲ್ಲಿ ಒಂದು ಸೀಲು ಮಾಡಿದ ಡಬ್ಬಿ ಇದ್ದರೆ ಸಾಕು, ನಮಗೆ ನಗುವುದಕ್ಕೆ ಬೇರೆ ಕಾರಣ ಬೇಕಿಲ್ಲ. ನಾವಿರುವುದು ಕಾರ್ಗಲ್ಲಿನ ಕಾಲೋನಿಯ ಕ್ವಾರ್ಟರ್ಸಿನಲ್ಲಿ. ಮೈದುನ ಮಿಲಿಟರಿಯಲ್ಲಿದ್ದಾನೆ. ರಜೆಗೆ ಬರುವಾಗಲೆಲ್ಲ ಕ್ಯಾಂಟೀನಿನಿಂದ ಅನಾನಸ್ಸು, ರಸಗುಲ್ಲ, ಮೀನು ಅಂತ ಒಂದು ಟ್ರಂಕ್ ಡಬ್ಬಿ ಹೊತ್ತು ತರುತ್ತಾನೆ. ಅವನ್ನು ಕಾಯುವ ಕೆಲಸ ಅತ್ತೆಯದು.

ಅತ್ತೆ ಮೇಗರವಳ್ಳಿ ಕಡೆಯವರು. ಅವರ ಮೂಗಿನ ಮೇಲೆ ನಮ್ಮ ಲೈನಿನ ಎಂಟೂ ಮನೆಗೆ ಭರವಸೆ. ಹಾಲು, ಮೊಸರು, ಉಪ್ಪಿನಕಾಯಿ, ಡಬ್ಬಿ, ಯಾವುದರ ಮೇಲೆ ಅನುಮಾನ ಬಂದರೂ ಹೆಂಗಸರು ಸೆರಗಿನಲ್ಲಿ ಮುಚ್ಚಿಕೊಂಡು ನಮ್ಮ ಬಾಗಿಲಿಗೆ ಬರುತ್ತಿದ್ದರು. ಅತ್ತೆ ಒಮ್ಮೆ ಮೂಸಿ "ತಿನ್ನಿ" ಅನ್ನುತ್ತಿದ್ದರು, ಇಲ್ಲವೇ "ಬಿಸಾಕಿ" ಅನ್ನುತ್ತಿದ್ದರು. ಅದರ ಮೇಲೆ ಅಪೀಲಿರಲಿಲ್ಲ.

ಎರಡು ವರ್ಷದ ಹಿಂದೆ ಅವರಿಗೊಂದು ಜ್ವರ ಬಂತು. ಜ್ವರವೇನೋ ಬಿಟ್ಟಿತು, ವಾಸನೆ ಮಾತ್ರ ತಿರುಗಿ ಬರಲಿಲ್ಲ. ಒಂದು ದಿನ ಹಾಲು ಸೀದು ಮನೆಯೆಲ್ಲ ನಾರುತ್ತಿದ್ದರೂ ಅತ್ತೆ ಒಲೆಗೆ ಬೆನ್ನು ಹಾಕಿ ಕೂತು ಅವರೆಕಾಳು ಬಿಡಿಸುತ್ತಿದ್ದಾಗ ನನಗೆ ತಿಳಿಯಿತು. ಅವರು ನನ್ನ ಕೈ ಹಿಡಿದುಕೊಂಡರು. "ಯಾರ ಹತ್ರಾನೂ ಹೇಳ್ಬೇಡ ಮಾರಾಯ್ತಿ. ಇಲ್ಲಿ ನನ್ನ ಕೇಳ್ಕೊಂಡು ಬರೋದು ಇದೊಂದಕ್ಕೇ." ಹೇಳುವುದಿಲ್ಲ ಅಂತ ಮಾತು ಕೊಟ್ಟೆ. ನಮ್ಮ ಪಾಡು ಶುರುವಾದದ್ದೇ ಅಲ್ಲಿಂದ.

೧. ಹದ

ಮೂಗು ಕೈಕೊಟ್ಟ ಮೇಲೆ ಅತ್ತೆ ಡಬ್ಬಿಯ ಮೇಲಿನ ತಾರೀಖು ನೋಡಲು ಕಲಿತರು. ಇಂಗ್ಲಿಷ್ ಬಾರದಿದ್ದರೂ ಅಂಕಿ ಓದುತ್ತಾರೆ. ಕ್ಯಾಲೆಂಡರಿನಲ್ಲಿ ಅಲ್ಲಲ್ಲಿ ಕೆಂಪು ಸುತ್ತು ಕಾಣಿಸಿತು. ಏನಿದು ಅಂತ ಕೇಳಿದೆ.

"ಅವತ್ತು ರಸಗುಲ್ಲ ತೆಗೀಬೋದು."

"ಅವತ್ತಿಗೆ ಅದರ ಡೇಟು ಮುಗೀತದೆ ಅತ್ತೆ!"

"ಮುಗೀಲಿ ಅಂತಲೇ ಕಾಯ್ತಿರೋದು. ಹದಕ್ಕೆ ಬರೋ ಮುಂಚೆ ಯಾರಾದ್ರೂ ತೆಗೀತಾರಾ?"

ನನಗೆ ಆಗ ಹೊಳೆಯಿತು. ಮಾವಿನ ಮಿಡಿ ಉಪ್ಪಿಗೆ ಹಾಕಿ ಭರಣಿಯ ಬಾಯಿ ಕಟ್ಟಿದರೆ ತಿಂಗಳುಗಟ್ಟಲೆ ಮುಟ್ಟುವಂತಿಲ್ಲ. ಆಮೇಲೆ ತೆಗೆದರೇ ಅದಕ್ಕೆ ರುಚಿ. ಪಾಪ ಅತ್ತೆ, ಕಂಪನಿಯವರು ಹದ ಬರುವ ದಿನವನ್ನೇ ಮುದ್ರೆ ಹೊಡೆದು ಕೊಟ್ಟಿದ್ದಾರೆ ಅಂದುಕೊಂಡಿದ್ದರು. ಆ ದಿನದ ಒಳಗೇ ತಿನ್ನಬೇಕು ಅಂತ ಬಿಡಿಸಿ ಹೇಳಿದೆ. ಅತ್ತೆ ಕ್ಯಾಲೆಂಡರಿನ ಕೆಂಪು ಸುತ್ತುಗಳನ್ನು ಬೆರಳಿಟ್ಟು ಎಣಿಸಿದರು.

"ಹಾಗಾದ್ರೆ ಇಷ್ಟು ದಿನ ನಾವು ತಿಂದಿದ್ದು?"

"ಎಲ್ಲ ಡೇಟು ಮುಗಿದದ್ದೇ."

"ಯಾರಿಗೂ ಏನೂ ಆಗ್ಲಿಲ್ಲ ನೋಡು," ಅಂದರು ಅತ್ತೆ. "ಅದಕ್ಕೇ ಹೇಳೋದು, ಬಡಿಸೋರ ಕೈಗುಣ ಚೆನ್ನಾಗಿರ್ಬೇಕು ಅಂತ."

೨. ಉಬ್ಬು

ಸಾಗರದ ಒಂದು ಅಂಗಡಿಯಲ್ಲಿ ಅನಾನಸ್ಸಿನ ಡಬ್ಬಿ ಕೊಳ್ಳಲು ನಿಂತಿದ್ದೆವು. ಅತ್ತೆ ಒಂದೊಂದನ್ನೇ ತಟ್ಟಿ, ಸವರಿ, ಕೊನೆಗೆ ಹಿಂದಿನ ಸಾಲಿನಿಂದ ಒಂದನ್ನು ಆರಿಸಿ ತೆಗೆದರು. ಅದರ ಮುಚ್ಚಳ ಗುಮ್ಮಟದ ಹಾಗೆ ಮೇಲೆದ್ದಿತ್ತು. ಅಂಗಡಿಯವರ ಮುಖ ಚಿಕ್ಕದಾಯಿತು.

"ಅದು ಬೇಡ ಅಮ್ಮ, ಕಣ್ತಪ್ಪಿ ಉಳ್ಕೊಂಡಿದೆ, ಇಲ್ಲಿ ಕೊಡಿ," ಅಂತ ಕೈ ಚಾಚಿದರು.

ಅತ್ತೆ ಡಬ್ಬಿಯನ್ನು ಎದೆಗೆ ಒತ್ತಿಕೊಂಡರು. "ಚೆನ್ನಾಗಿ ತುಂಬಿದ್ದನ್ನ ನಿಮ್ಮನೆಗೆ ಇಟ್ಕೊಳ್ಳೋಣ ಅಂತಲಾ?"

"ತುಂಬಿದ್ದಲ್ಲ ಅಮ್ಮ, ಒಳಗೆ ಕೆಟ್ಟು ಗಾಳಿ ಆಗಿ ಉಬ್ಬಿರೋದು. ರುಚಿ ಕೂಡ ನೋಡ್ಬಾರ್ದು."

ಅಂಗಡಿಯಲ್ಲಿದ್ದವರೆಲ್ಲ ನಮ್ಮನ್ನೇ ನೋಡುತ್ತಿದ್ದರು. ಸೋಲುವುದು ಅತ್ತೆಯ ಜಾಯಮಾನವಲ್ಲ. ಡಬ್ಬಿಯನ್ನು ಮೇಜಿನ ಮೇಲೆ ಕುಕ್ಕಿ ಕೇಳಿದರು: "ಹಂಗಾದ್ರೆ ನಿಮ್ಮನೇಲಿ ಪೂರಿ ಉಬ್ಬಿದ್ರೂ ಬಿಸಾಕ್ತೀರಾ?"

೩. ಬೆಕ್ಕು

ಮುಂದೆ ಪರೀಕ್ಷೆಯ ಕೆಲಸ ಲೈನಿನ ಬೆಕ್ಕಿಗೆ ಬಿತ್ತು. ಯಾವ ಡಬ್ಬಿ ತೆಗೆದರೂ ಮೊದಲ ಚೂರು ಅದಕ್ಕೆ. ಅನಾನಸ್ಸು ಇಟ್ಟರೆ ಬೆಕ್ಕು ಮುಖ ತಿರುಗಿಸಿ ಹೋಯಿತು. "ಕೆಟ್ಟಿದೆ," ಅಂತ ಅತ್ತೆ ತೀರ್ಪು ಕೊಟ್ಟರು. ಬೆಕ್ಕು ಅನಾನಸ್ಸು ತಿನ್ನುವುದಿಲ್ಲ ಅಂತ ನಾನು ಬಾಯಿ ಬಿಡುವಷ್ಟರಲ್ಲಿ ಮೂರು ಒಳ್ಳೆಯ ಡಬ್ಬಿ ತಿಪ್ಪೆ ಸೇರಿದ್ದವು.

ಮರುವಾರ ಮೀನಿನ ಡಬ್ಬಿ ತೆಗೆದು, ಬೆಕ್ಕಿಗೆ ಒಂದು ಚೂರು ಹಾಕಿ, ತಟ್ಟೆ ತರಲು ಒಳಗೆ ಹೋದರು. ಬಂದು ನೋಡಿದರೆ ಬೆಕ್ಕು ಮೀಸೆ ನೆಕ್ಕಿಕೊಳ್ಳುತ್ತಿತ್ತು.

"ಮೀನು ಚೆನ್ನಾಗಿತ್ತು ಕಣೆ," ಅಂದರು ಅತ್ತೆ ಖಾಲಿ ಡಬ್ಬಿ ತೋರಿಸಿ. "ಅದೊಂದು ಗೊತ್ತಾಯ್ತು."

೪. ಕೆಮ್ಮು

ಇದು ಆಗುವ ಹೋಗುವ ಮಾತಲ್ಲ ಅಂತ ನಾವಿಬ್ಬರೂ ಒಂದು ಒಳಒಪ್ಪಂದ ಮಾಡಿಕೊಂಡೆವು. ಅತ್ತೆ ಮೂಸುವ ನಾಟಕ ಮಾಡುವುದು, ಅಷ್ಟರಲ್ಲಿ ನಾನು ಪಕ್ಕದಿಂದ ಮೂಸಿ ನೋಡಿ ಸನ್ನೆ ಕೊಡುವುದು. ಒಂದು ಕೆಮ್ಮು ಕೆಮ್ಮಿದರೆ ತಿನ್ನಿ, ಎರಡು ಕೆಮ್ಮಿದರೆ ಬಿಸಾಕಿ. ತಿಂಗಳೊಪ್ಪತ್ತು ಚೆನ್ನಾಗಿಯೇ ನಡೆಯಿತು. ಆಮೇಲೆ ನನಗೆ ನಿಜವಾದ ಕೆಮ್ಮು ಬಂತು. ಆ ವಾರ ನಾಲ್ಕು ಮನೆಯ ಹೊಸ ಉಪ್ಪಿನಕಾಯಿ ಮಣ್ಣುಪಾಲಾಯಿತು.

ಅತ್ತೆ ನನ್ನನ್ನೂ ನಂಬುವುದು ಬಿಟ್ಟರು. "ಗೊತ್ತಾಗದೇ ತಿನ್ನಿ ಅನ್ನೋದಕ್ಕಿಂತ ಬಿಸಾಕಿ ಅನ್ನೋದೇ ವಾಸಿ," ಅಂತ ನಿರ್ಧಾರ ಮಾಡಿದರು. ಅಂದಿನಿಂದ ಯಾರು ಏನು ತಂದರೂ ಒಂದೇ ಉತ್ತರ. ಇನ್ನು ಯಾರೂ ಬರುವುದಿಲ್ಲ, ಅತ್ತೆ ಮಂಕಾಗಿಬಿಡುತ್ತಾರೆ ಅಂತ ನಾನು ಹೆದರಿದ್ದೆ. ವಿಚಿತ್ರವೆಂದರೆ ಬರುವವರು ಮೊದಲಿಗಿಂತ ಹೆಚ್ಚಾದರು.

೫. ತೀರ್ಪು

ಮೊನ್ನೆ ಕೊನೆಯ ಮನೆಯಾಕೆ ಮಾವಿನ ರಸದ ಡಬ್ಬಿ ಹಿಡಿದುಕೊಂಡು ಬಂದರು. ಮೂರನೇ ಮನೆಯಾಕೆಯೂ ಜೊತೆಗಿದ್ದರು.

"ಮಗಳು ಬಸುರಿ ಅಲ್ವಾ ಅಮ್ಮಾ, ಇದು ಬೇಕೇ ಬೇಕು ಅಂತ ಹಟ. ಒಂಚೂರು ನೋಡಿ ಹೇಳಿ."

ಅತ್ತೆ ಡಬ್ಬಿ ಕೈಗೆ ತೆಗೆದುಕೊಂಡರು. ಮೂಗಿನ ಹತ್ತಿರ ಒಯ್ಯಲಿಲ್ಲ. ಬಸುರಿಯ ಬಾಯಿಯ ಆಸೆಗೆ ಬೇಡ ಅನ್ನುವುದೂ ಕಷ್ಟ, ಹೂಂ ಅನ್ನುವುದೂ ಕಷ್ಟ.

"ಹೊಟ್ಟೇಲಿ ಮಗು ಇರೋಳ ವಿಷಯ. ಇದರಲ್ಲಿ ಸುಳ್ಳು ಹೇಳಲ್ಲ," ಅಂದರು. "ನನ್ನ ಮೂಗು ಹೋಗಿ ಎರಡು ವರ್ಷ ಆಯ್ತು. ನಂಗೆ ಎಂಥದೂ ಗೊತ್ತಾಗಲ್ಲ. ಇನ್ಮೇಲೆ ನೀವು ಬರೋದು ಬೇಡ."

ನನ್ನ ಕಣ್ಣು ತುಂಬಿ ಬಂತು. ಆ ಇಬ್ಬರೂ ಮುಖ ಮುಖ ನೋಡಿಕೊಂಡರು.

"ಅಯ್ಯೋ, ಅದು ಲೈನಿಗೇ ಗೊತ್ತಲ್ಲ ಅಮ್ಮಾ," ಅಂದರು ಕೊನೆಯ ಮನೆಯಾಕೆ.

"ಗೊತ್ತಾ? ಯಾವಾಗಿಂದ?"

"ನೀವು ಮುಚ್ಚಳ ತೆಗೀದೇ ಮೂಸಿದ್ರಲ್ಲ, ಅವತ್ತಿಂದ."

ಅತ್ತೆ ಬೆಪ್ಪಾಗಿ ಕೂತರು. "ಮತ್ತೆ ಯಾಕೆ ತರ್ತೀರೆ?"

"ನೀವು ಬಿಸಾಕಿ ಅಂತೀರಲ್ಲ, ಅದಕ್ಕೇ!" ಅಂದರು ಮೂರನೇ ಮನೆಯಾಕೆ. "ನಾದಿನಿ ಕಳಿಸಿದ ಉಪ್ಪಿನಕಾಯಿ ನಾನು ಎಸೆದ್ರೆ ಮನೇಲಿ ರಾಮಾಯಣ. ಅಮ್ಮ ಹೇಳಿದ್ರು ಅಂದ್ರೆ ನಮ್ಮನೆಯೋರು ತುಟಿ ಪಿಟಕ್ ಅನ್ನಲ್ಲ."

"ಇದೂ ಅಷ್ಟೇ ಅಮ್ಮಾ," ಅಂದರು ಕೊನೆಯ ಮನೆಯಾಕೆ. "ಡಬ್ಬಿ ಚೆನ್ನಾಗೇ ಇದೆ. ಡಾಕ್ಟ್ರು ಮಗಳಿಗೆ ಸಿಹಿ ಬೇಡ ಅಂದಿದಾರೆ. ನನ್ನ ಮಾತು ಕೇಳಲ್ಲ, ನಿಮ್ಮ ಮಾತು ಮೀರಲ್ಲ. ಒಂದ್ಸಲ ಬಿಸಾಕಿ ಅಂದ್ಬಿಡಿ, ನಾನು ಹೋಗ್ತೀನಿ."

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಆಮೇಲೆ ನೆಟ್ಟಗೆ ಕೂತು, ಡಬ್ಬಿ ಮೂಸಿ, ಎಂಟೂ ಮನೆಗೆ ಕೇಳುವ ಹಾಗೆ ಕೂಗಿದರು: "ಬಿಸಾಕಿ!"

ಅವರು ನಗುತ್ತ ಹೋದ ಮೇಲೆ ನನಗೆ ಒಂದು ಅನುಮಾನ ಬಂತು.

"ಅತ್ತೆ, ಹೋದ ವಾರ ನಾನು ಮಾಡಿದ ಪಪ್ಪಾಯಿ ಜಾಮನ್ನೂ ಬಿಸಾಕು ಅಂದ್ರಿ. ನಾನು ನಾಲ್ಕು ಬಾಟ್ಲಿ ಚೆಲ್ಲಿದೆ. ಅದನ್ನೂ ಹಿಂಗೇ ಬಾಯಿಗೆ ಬಂದ ಹಾಗೆ ಹೇಳಿದ್ದಾ?"

"ಛೆ ಛೆ," ಅಂದರು ಅತ್ತೆ ನನ್ನ ಕೆನ್ನೆ ಸವರಿ. "ಅದನ್ನ ತಿಂದು ನೋಡಿಯೇ ಹೇಳಿದ್ದು. ಹೋಗಿರೋದು ಮೂಗೊಂದೇ ಮಾರಾಯ್ತಿ, ನಾಲಿಗೆ ಸರಿಯಾಗೇ ಇದೆ."