ರಾಜನಿಗೆ ಸಾರಿಸಿಕೊಟ್ಟ ನೆಲ

ಕಲಿಸುವುದು ನನ್ನ ಕಸುಬು ಎಂದು ನಾಲ್ಕು ಜನರೆದುರು ಹೇಳಿಕೊಳ್ಳಲು ನನಗೆ ಈಗಲೂ ಹಿಂಜರಿಕೆ. ಕೊಟ್ಟೂರಿನ ಹೈಸ್ಕೂಲಿನಲ್ಲಿ ಹತ್ತು ವರ್ಷ ವಿಜ್ಞಾನ ಹೇಳಿದವನು, ಬಿ.ಎಡ್.ನಲ್ಲಿ ಮಕ್ಕಳ ಮನಸ್ಸಿನ ಬಗ್ಗೆ ಪುಟಗಟ್ಟಲೆ ಬರೆದು ಪಾಸಾದವನು, ಎರಡು ತಿಂಗಳ ನಾಯಿಮರಿಯೊಂದಕ್ಕೆ ಉಚ್ಚೆಯನ್ನು ಹೊರಗೆ ಹೊಯ್ಯಬೇಕು ಎಂಬ ಒಂದೇ ಒಂದು ಮಾತು ತಿಳಿಸಲಾರದೆ ಸೋತೆ. ಆಗಷ್ಟೇ ತುರ್ತು ಪರಿಸ್ಥಿತಿ ಮುಗಿದು ದೇಶದಲ್ಲಿ ಶಿಸ್ತು ಸಡಿಲವಾಗಿತ್ತು. ಮೊದಮೊದಲು ತಪ್ಪನ್ನು ಕಾಲದ ಮೇಲೆ ಹಾಕಿ ಸಮಾಧಾನ ಮಾಡಿಕೊಂಡೆ.

ಮರಿಯನ್ನು ತಂದುಕೊಟ್ಟವನು ನಮ್ಮ ಶಾಲೆಯ ಗುಮಾಸ್ತ ಕೊಟ್ರೇಶಪ್ಪ. ರಜೆಗೆ ಹೊಸಹಳ್ಳಿಗೆ ಹೋದವನು ಸೋಮವಾರ ಬರುವಾಗ ಕೈಚೀಲದಲ್ಲಿ ಹಾಕಿಕೊಂಡು ಬಂದ. ಚಿಕ್ಕಂದಿನಿಂದ ನಾಯಿ ಸಾಕುವ ಆಸೆ ಇದ್ದು ಒಮ್ಮೆಯೂ ಕೈಗೂಡದವನು ನಾನು. ಚೀಲದೊಳಗಿಂದ ಆ ಕಂದು ಮೂತಿ ಹೊರಬಂದದ್ದೇ ಮನಸೋತೆ. ರಾಜ ಎಂದು ಹೆಸರಿಟ್ಟೆ. ರಾಜನಿಗೆ ಜಗತ್ತಿನಲ್ಲಿ ಯಾರನ್ನು ಕಂಡರೂ ಸಂತೋಷ. ಹಾಲಿನವನು ಬಂದರೆ ಸಂತೋಷ, ಪೋಸ್ಟ್‌ಮನ್ ಬಂದರೆ ಸಂತೋಷ, ನೀರು ತರಲು ಹೋದ ನನ್ನ ಹೆಂಡತಿ ಗಿರಿಜಾ ಐದು ನಿಮಿಷದಲ್ಲಿ ಮರಳಿದರೂ ಸಂತೋಷ. ಬಾಲದ ಜೊತೆ ಇಡೀ ಮೈ ಅಲ್ಲಾಡುತ್ತಿತ್ತು, ಅಲ್ಲಾಡಿದಾಗಲೆಲ್ಲ ಅಲ್ಲೇ ಒದ್ದೆ. ಇಷ್ಟು ಧಾರಾಳವಾಗಿ ಖುಷಿಪಡುವ ಜೀವಿಯನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಆದರೆ ಒದ್ದೆಯಾದದ್ದು ನಮ್ಮ ಅವ್ವನ ಪಡಸಾಲೆ. ಅದು ಮಣ್ಣಿನ ನೆಲ. ಪ್ರತಿ ಸೋಮವಾರ ಅವ್ವ ಸಗಣಿಯಿಂದ ಸಾರಿಸಿದರೆ ಕನ್ನಡಿಯ ಹಾಗೆ ಆಗುತ್ತಿತ್ತು. ಅಲ್ಲೇ ಕೂತು ಲಿಂಗಪೂಜೆ ಮಾಡುವವಳು ಅವಳು. ಮೊದಲ ದಿನವೇ ಹೇಳಿಬಿಟ್ಟಳು: "ನೋಡಪಾ, ಬರೋ ಸೋಮವಾರದೊಳಗ ಇದು ಕಲೀಲಿಲ್ಲಂದ್ರ ಕೊಟ್ರೇಶಪ್ಪ ವಾಪಸ್ ಒಯ್ಯಲಿ. ಈ ಮನ್ಯಾಗ ನಾನರ ಇರಬೇಕು, ಇದರ ಇರಬೇಕು."

ನಾನು ಶಾಸ್ತ್ರೋಕ್ತವಾಗಿ ಶುರುಮಾಡಿದೆ. ತಪ್ಪು ಮಾಡಿದ ಜಾಗ ತೋರಿಸಿ ಗದರಿದೆ. ಕಿವಿ ಹಿಂಡಿದೆ, ಮುಟ್ಟಿಸಿಕೊಂಡ ಖುಷಿಗೆ ಅದು ಇನ್ನೊಂದು ಸಲ ಹೊಯ್ದಿತು. ಹೊಲಸಾದ ಜಾಗವನ್ನು ಸಾರಿಸದಿದ್ದರೆ ಅವ್ವ ಆ ಕಡೆ ಕಾಲಿಡುವುದಿಲ್ಲ. ಹಾಗಾಗಿ ಗಿರಿಜಾ ಒಂದು ಬಕೆಟ್, ನಾನೊಂದು ಬಕೆಟ್ ಸಗಣಿ ಹಿಡಿದು ಮರಿಯ ಬೆನ್ನಹಿಂದೆಯೇ ತಿರುಗಿದೆವು. ನಾವು ಸಾರಿಸಿ ಬೆನ್ನು ನೆಟ್ಟಗೆ ಮಾಡುವಷ್ಟರಲ್ಲಿ ರಾಜ ಬಂದು, ಹಸಿ ನೆಲ ಮೂಸಿ, ಸರಿಯಾಗಿ ಅಲ್ಲೇ ಕಾರ್ಯ ಮುಗಿಸುತ್ತಿತ್ತು. ಬುಧವಾರದ ಹೊತ್ತಿಗೆ ಪಡಸಾಲೆಯೆಲ್ಲ ತೇಪೆ ಹಾಕಿದ ಹಾಗೆ ಕಾಣುತ್ತಿತ್ತು. ಗುರುವಾರ ಕೊಟ್ರೇಶಪ್ಪನಿಗೆ ಸೋಮವಾರ ಚೀಲ ತೆಗೆದುಕೊಂಡು ಬಾ ಎಂದು ಹೇಳಿ ಮನೆಗೆ ಬಂದೆ. ಊಟ ಸೇರಲಿಲ್ಲ. ನಲವತ್ತರ ಗಂಡಸು ನಾಯಿಮರಿಗಾಗಿ ಅಳುವುದು ಚೆನ್ನಾಗಿರುವುದಿಲ್ಲವೆಂದು ಮತ್ತೆ ಬಕೆಟ್ ಹಿಡಿದೆ, ಅಷ್ಟೇ.

ಅವ್ವ ಅಂದೆಲ್ಲ ಎಲೆಅಡಿಕೆ ಮೆಲ್ಲುತ್ತ ಮರಿಯನ್ನೇ ನೋಡುತ್ತಿದ್ದಳು. ಸಂಜೆ ಹೇಳಿದಳು: "ಅದರದೇನೂ ತಪ್ಪಿಲ್ಲೋ. ಕೊಟ್ರೇಶಪ್ಪನ ದನದ ಕೊಟ್ಟಿಗ್ಯಾಗ ಹುಟ್ಟಿದ್ದು ಅದು. ಸಗಣಿ ವಾಸನಿ ಎಲ್ಲಿ ಐತೋ ಅದ ತನ್ನ ಜಾಗ ಅಂತ ತಿಳಕೊಂಡೈತಿ. ನೀವಿಬ್ರೂ ಕೂಡಿ ಮನಿ ತುಂಬ ಕೊಟ್ಟಿಗಿ ಮಾಡಿ ಕೊಡಾಕ ಹತ್ತೀರಿ."

ವಿಜ್ಞಾನದ ಮೇಷ್ಟ್ರಾದ ನಾನು ಸಗಣಿಯ ಬಕೆಟ್ ಒಯ್ದು ಹಿತ್ತಲಲ್ಲಿಟ್ಟೆ. ಆಮೇಲಿನದನ್ನು ನೆನೆದರೆ ಈಗಲೂ ಅವ್ವನಿಗೆ ಕೈಮುಗಿಯಬೇಕೆನಿಸುತ್ತದೆ. ಒಳಗೆ ಸಗಣಿ ತರಬಾರದೆಂದು ಕಟ್ಟಪ್ಪಣೆ ಮಾಡಿ, ಒದ್ದೆಯಾದಲ್ಲಿ ಬೂದಿ ಚೆಲ್ಲಿ ಗುಡಿಸಿದಳು. ಸಾರಿಸದ ನೆಲ ತುಳಿಯದವಳು ಮೂರು ದಿನ ಅದೇ ನೆಲದ ಮೇಲೆ ಓಡಾಡಿದಳು. ಹಿತ್ತಲಿನ ಬೇವಿನ ಗಿಡದ ಕೆಳಗೆ ಮಣೆಯಷ್ಟಗಲ ಸಾರಿಸಿ, ನಾಯಿಯನ್ನು ಎಂದೂ ಮುಟ್ಟದವಳು ಅದನ್ನು ಎತ್ತಿಕೊಂಡು ಹೋಗಿ ಅಲ್ಲಿ ಬಿಟ್ಟು, ಎದುರಿಗೆ ಕುಕ್ಕರಗಾಲಲ್ಲಿ ಕೂತು, "ಹೊಯ್ಯಪಾ ನನ್ನಪ್ಪ, ಅವಸರಿಲ್ಲ" ಎನ್ನುವಳು. ಕೆಲಸವಾದರೆ ಹಾಲಲ್ಲಿ ಅದ್ದಿದ ಜೋಳದ ರೊಟ್ಟಿಯ ಚೂರು. ಒಂದು ಗದರಿಕೆಯಿಲ್ಲ, ಒಂದು ಪೆಟ್ಟಿಲ್ಲ.

ಸೋಮವಾರ ಬಂತು. ಅವತ್ತು ಪಡಸಾಲೆ ಸಾರಿಸಲೇಬೇಕು. ರಾಜನ ಪರೀಕ್ಷೆ ಅದೇ. ಕೊಟ್ರೇಶಪ್ಪ ಚೀಲ ಹಿಡಿದು ಹೊಸ್ತಿಲ ಹೊರಗೆ ನಿಂತಿದ್ದ. ಅವ್ವ ಸಾರಿಸಿ ಎದ್ದಳು. ರಾಜ ಬಂತು. ಹಸಿ ನೆಲದ ಅಂಚು ಮೂಸಿತು. ಒಂದು ಸುತ್ತು ತಿರುಗಿತು. ಅದು ಅವ್ವನ ಮುಖ ನೋಡಿತು, ಗೋಡೆಯ ಪಕ್ಕದ ಒಣ ನೆಲ ಹಿಡಿದು ಓಡಿ ಹಿತ್ತಲಿಗೆ ಹೋಯಿತು. ನಾನು ತಡೆಯಲಾರದೆ ಹಿಂದೆಯೇ ಓಡಿದೆ. ಬೇವಿನ ಗಿಡದ ಕೆಳಗೆ, ಮಣೆಯಷ್ಟಗಲದ ಜಾಗದ ನಟ್ಟನಡುವೆ, ರಾಜ ಕೂತಿತ್ತು. ಅಷ್ಟು ಚೆಂದದ ದೃಶ್ಯವನ್ನು ನಾನು ಬೇರೆಲ್ಲೂ ನೋಡಿಲ್ಲ.

ಹಿಗ್ಗುತ್ತ ಒಳಗೆ ಬಂದೆ. ಕೊಟ್ರೇಶಪ್ಪ, "ಹಂಗಾರ ಒಯ್ಯೋದು ಬ್ಯಾಡೇನ್ರಿ?" ಎಂದು ಕೇಳುತ್ತಿದ್ದ. ಅವ್ವ ನೆಲ ನೋಡುತ್ತಿದ್ದಳು. ಹಸಿ ಪಡಸಾಲೆಯ ನಡುವೆ, ಈ ತುದಿಯಿಂದ ಆ ತುದಿಗೆ, ಅಳಿಸದ ಹಾಗೆ ನನ್ನ ಹೆಜ್ಜೆಗಳು.

"ಖಾಲಿ ಚೀಲ ಒಯ್ಯಬ್ಯಾಡಪಾ," ಎಂದಳು ಅವ್ವ. "ಇವನ್ನ ಒಯ್ಯಿ. ಅದು ಇಲ್ಲೇ ಇರಲಿ."