ಹತ್ತರ ಕಟ್ಟಿನ ಪಾಠ

ಎರಡನೇ ಇಯತ್ತೆಯ ಮಕ್ಕಳಿಗೆ ಬಿಡಿ-ಹತ್ತು ಕಲಿಸುವುದು ನೀರು ಕುಡಿದಷ್ಟು ಸುಲಭ ಎಂದು ನಾನು ತಿಳಿದಿದ್ದೆ. ಮರಾಠಿ ಸೀಮೆಯೊಳಗಿನ ಹಳ್ಳಿ ಆರಗದ ಕನ್ನಡ ಶಾಲೆಯ ಮಾಸ್ತರ ನಾನು. ಆಟದ ಮೂಲಕ ಗಣಿತ ಕಲಿಸುವ ತರಬೇತಿಯನ್ನೂ ಮುಗಿಸಿದವನು. ಇನ್ನೇನು ಬೇಕು!

ನನ್ನ ವರ್ಗದ ಗೌರಿಯ ಹೆಸರು ತೆಗೆಸಿ, ಮಿರಜಿನ ಇಂಗ್ಲಿಷ್ ಶಾಲೆಗೆ ಹಾಕಲು ಅವಳಪ್ಪ ಅಣ್ಣಾಸಾಹೇಬರು ಹೊರಟಿದ್ದರು. ಅವಳು ಹೋದರೆ ಆ ಓಣಿಯ ಮಕ್ಕಳೆಲ್ಲ ಹಿಂದೆಯೇ ಹೋಗುವುದು ಖಂಡಿತ. ಅದಿರಲಿ, ಆ ಚೂಟಿ ಹುಡುಗಿಯಿಲ್ಲದ ವರ್ಗವೇ ನನಗೆ ಬೇಡವಾಗಿತ್ತು.

"ಒಂದ ದಿನ ಕುಂತು ನನ್ನ ಪಾಠ ನೋಡ್ರಿ, ಆಮ್ಯಾಲ ಹೆಸರು ತಗಸ್ರಿ," ಎಂದು ಕೈಮುಗಿದೆ. ಒಪ್ಪಿದರು.

ಆ ಸಂಜೆಯೇ ಮನೆಯಲ್ಲಿ ಕಸಬರಿಗೆ ಬಿಚ್ಚಿದೆ. ಆಟಕ್ಕೆ ಕಡ್ಡಿ ಬೇಕಲ್ಲ!

"ಅಯ್ಯ ಶಿವನ! ಹೊಸಾ ಕಸಬರಗಿ ಅದು!" ಹೆಂಡತಿ ಶಾಂತಾ ಚೀರಿದಳು.

"ಶಿಕ್ಷಣಕ್ಕ ತ್ಯಾಗ ಬೇಕಾಗ್ತೈತಿ."

"ತ್ಯಾಗ ನಿಮ್ದು, ಕಸಬರಗಿ ನಂದು!"

ಟಿವಿ ನೋಡುತ್ತಲೇ ಹತ್ತು ಹತ್ತು ಕಡ್ಡಿಯ ಕಟ್ಟು ಮಾಡಿ ರಬ್ಬರ್ ಹಾಕಿದೆ.

ಮರುದಿನ ಅಣ್ಣಾಸಾಹೇಬರು ಹಿಂದಿನ ಬೆಂಚಿನಲ್ಲಿ ಕುಳಿತರು. ನಾನು ನೆಲದ ಮೇಲೆ ಎರಡು ಮನೆ ಬರೆದು ಘೋಷಿಸಿದೆ: "ಬಿಡಿ ಮನೆಯಲ್ಲಿ ಒಂಬತ್ತಕ್ಕಿಂತ ಹೆಚ್ಚು ಕಡ್ಡಿಗಳು ವಾಸಿಸತಕ್ಕದ್ದಲ್ಲ. ಹತ್ತಾದ ಕೂಡಲೇ ಕಟ್ಟು ಕಟ್ಟಿಕೊಂಡು ಹತ್ತರ ಮನೆಗೆ ಹೋಗತಕ್ಕದ್ದು!"

"ಇಪ್ಪತ್ಮೂರು!" ಎಂದು ಕೂಗಿದೆ. ಗೌರಿ ಓಡಿಬಂದು ಹತ್ತರ ಮನೆಯಲ್ಲಿ ಎರಡು ಕಟ್ಟು, ಬಿಡಿ ಮನೆಯಲ್ಲಿ ಮೂರು ಕಡ್ಡಿ ಇಟ್ಟಳು. ಅಲ್ಲಿಗೇ ನಿಲ್ಲಿಸಿದ್ದರೆ ನನ್ನ ಮಾನ ಉಳಿಯುತ್ತಿತ್ತು.

"ಈಗ ಕಟ್ಟು ಬಿಚ್ಚಿ ಎಲ್ಲಾ ಎಣಸವ್ವಾ. ಅಪ್ಪಾ ನೋಡ್ಲಿ," ಎಂದೆ.

ಎಣಿಸಿದಳು. "ಇಪ್ಪತ್ತೈದು, ಸರ್."

"ಗಡಿಬಿಡಿ ಮಾಡಬ್ಯಾಡ. ಮತ್ತೊಮ್ಮಿ ಎಣಸು."

"ಇಪ್ಪತ್ತೈದ ಆಗ್ತಾವರಿ!"

ನಾನೇ ಕುಳಿತು ಎಣಿಸಿದೆ. ಇಪ್ಪತ್ತೈದು! ಬೆವರು ಒರೆಸಿಕೊಂಡೆ.

"ಮರಾಠಿಯಾಗ ಎಣಸಿ ನೋಡ್ರಿ ಸರ್, ಕಮ್ಮಿ ಬಂದಾವು," ಎಂದರು ಅಣ್ಣಾಸಾಹೇಬರು.

ಇದು ಶಾಂತಾಳ ಸೇಡೇ ಸರಿ ಎಂದುಕೊಂಡು, ಅಲ್ಲಿಂದಲೇ ಫೋನು ಹಚ್ಚಿದೆ. "ನನ್ನ ಕಟ್ಟಿನ್ಯಾಗ ಕಡ್ಡಿ ತುರುಕಿಯೇನ?"

ಅವಳ ದನಿಗೆ ಸ್ಪೀಕರ್ ಬೇಕಿಲ್ಲ; ಇಡೀ ವರ್ಗಕ್ಕೆ ಕೇಳಿಸಿತು. "ನಾ ಯಾಕ ಮುಟ್ಟಲಿ? ನೀವ 'ಲಾಭ, ಎರಡು, ಮೂರು' ಅನಕೋತ ಹತ್ತ ಎಣಸಿ, ಮ್ಯಾಲೊಂದ ಇಡಾಕತ್ತಿದ್ರಿ. ನಿಂಬಿಹಣ್ಣ ಕೊಟ್ಟಂಗ!"

ನನ್ನ ತಂದೆ ಮಿರಜಿನ ಪೇಟೆಯಲ್ಲಿ ನಿಂಬೆಹಣ್ಣಿನ ವ್ಯಾಪಾರಿ. ನಮ್ಮ ಅಂಗಡಿಯಲ್ಲಿ ಒಂದಕ್ಕೆ 'ಲಾಭ' ಎನ್ನಬೇಕು, ಹತ್ತು ಎಣಿಸಿದ ಮೇಲೆ ಗಿರಾಕಿಯ ಸಂತೋಷಕ್ಕೆ ಇನ್ನೊಂದು ಹಾಕಬೇಕು. ಬಾಲ್ಯವೆಲ್ಲ ಆ ಗಲ್ಲಾಪೆಟ್ಟಿಗೆಯ ಪಕ್ಕದಲ್ಲೇ ಕಳೆದಿತ್ತು. ಬಿ.ಎಡ್. ಆದದ್ದು ನಾನು, ಕೈ ಇನ್ನೂ ಅಂಗಡಿಯಲ್ಲೇ ಇತ್ತು!

ಮಕ್ಕಳು ಬಿದ್ದು ಬಿದ್ದು ನಕ್ಕರು. ನಾನು ಗಂಟಲು ಸರಿಪಡಿಸಿಕೊಂಡು, "ಈಗ ಎಲ್ಲರ ಮುಂದ ಸರಿಯಾಗಿ ಕಟ್ಟತೇನಿ," ಎಂದೆ. ಒಂದರಿಂದ ಹತ್ತರವರೆಗೆ ಸ್ಪಷ್ಟವಾಗಿ ಎಣಿಸಿ ರಬ್ಬರ್ ಎತ್ತಿಕೊಂಡೆ. ಗೌರಿ ಮೆಲ್ಲಗೆ ಕೈಹಾಕಿ ಕಟ್ಟಿನಿಂದ ಒಂದು ಕಡ್ಡಿ ಎಳೆದಳು.

"ಸರ್, ಮತ್ತೊಂದ ಮ್ಯಾಲ ಹಾಕೀರಿ."

ಅಣ್ಣಾಸಾಹೇಬರು ಕಣ್ಣೊರೆಸಿಕೊಳ್ಳುತ್ತ ಎದ್ದರು.

"ಗೌರಿ ಇಲ್ಲೇ ಇರ್ಲಿ ಬಿಡ್ರಿ," ಎಂದರು. "ಇಕಿ ಹ್ವಾದ್ರ ನಿಮಗ ಯಾರ ಕಲಸವ್ರು?"

ಈಗ ಕಟ್ಟು ಕಟ್ಟುವ ಸಂಪೂರ್ಣ ಅಧಿಕಾರವನ್ನು ಗೌರಿಗೆ ವಹಿಸಲಾಗಿದೆ. ರಬ್ಬರ್ ಹಾಕುವ ಕೆಲಸ ಮಾತ್ರ ನನ್ನದು. ಅದೂ ಅವಳು ಪಕ್ಕದಲ್ಲಿ ನಿಂತು ನೋಡುತ್ತಿದ್ದರೆ!