ಅಣಬೆ ಬಾಟಲಿಗೆ ಬಂದ ಉಬ್ಬರ

ಭಾನುವಾರ ಬೆಳಿಗ್ಗೆ ಹತ್ತು ಗಂಟೆ ಹದಿನೇಳು ನಿಮಿಷ. ಒಂದರ ಮೇಲೊಂದು ಎರಡು ಮಾಸ್ಕ್ ಬಿಗಿದು, ಫ್ಯಾನ್ ಆರಿಸಿ, ಉಸಿರನ್ನೂ ಅಳೆದು ಬಿಡುತ್ತಾ ನಾನು ಸ್ಟೋರ್‌ರೂಮಿನಲ್ಲಿ ಸಿರಿಂಜ್ ಹಿಡಿದು ಕುಳಿತಿದ್ದೆ. ಸಿಂಹದ ಜಡೆಯಂತೆ ಬೆಳ್ಳಗೆ ಇಳಿಬೀಳುವ ಆ ದುಬಾರಿ ಔಷಧದ ಅಣಬೆಯನ್ನು ಮನೆಯಲ್ಲೇ, ದಿನಕ್ಕೆ ಮೂವತ್ತಾರು ಬಾಟಲಿಯಂತೆ ಬೆಳೆದು ತೋರಿಸುತ್ತೇನೆಂದು ಹೆಂಡತಿಯ ಅಣ್ಣನೆದುರು ಎದೆ ತಟ್ಟಿ ಶಪಥ ಮಾಡಿಯಾಗಿತ್ತು. ವಿಜ್ಞಾನ ಓದಿದವನ ಶಪಥ!

ವಿಧಾನ ಸರಳ. ಬೇಯಿಸಿದ ಗೋಧಿಯನ್ನು ಬಾಟಲಿಗೆ ತುಂಬಿ, ಕುಕ್ಕರಿನಲ್ಲಿಟ್ಟು, ಒಳಗಿನ ಕ್ರಿಮಿಗಳನ್ನೆಲ್ಲ ಪರಲೋಕಕ್ಕೆ ಕಳಿಸಬೇಕು. ಆಮೇಲೆ ಜೇನುನೀರಿನಲ್ಲಿ ತೇಲುವ ಅಣಬೆಯ ಎಳೆಗಳನ್ನು ಸಿರಿಂಜಿನಿಂದ ಹೀರಿ ಗೋಧಿಗೆ ಬಿಡಬೇಕು. ಬೇರೊಂದು ಕ್ರಿಮಿ ನುಸುಳಿತೋ, ಕಥೆ ಮುಗಿಯಿತು.

"ರೀ, ಸಕ್ಕರೆ ಡಬ್ಬ ಒಳಗಿದೆ. ಬಾಗಿಲು ತೆಗೀರಿ."

"ಮಾತಾಡಬೇಡ ಕಣೇ! ಮಾತಿನಲ್ಲಿ ಕ್ರಿಮಿ ಇರುತ್ತೆ!"

"ನನ್ನ ಮಾತಲ್ಲೋ, ನಿಮ್ಮ ಮಾತಲ್ಲೋ?"

"ಬಿಡೇ," ಎಂದರು ನನ್ನ ಅತ್ತೆ. "ಅಳಿಯಂದ್ರು ಆಪರೇಷನ್ ಮಾಡ್ತಿದಾರೆ. ಗೋಧಿಗೆ ಹೆರಿಗೆಯಂತೆ."

ನಾನು ಜಗ್ಗಲಿಲ್ಲ. ಸಿರಿಂಜಿಗೆ ಹೀರಿದ ನೀರಿನಲ್ಲಿ ನೊರೆ ಕಂಡಿತು. ಆಹಾ, ಅಣಬೆಗೆ ಎಂಥ ಹುರುಪು! ಹಿಗ್ಗಿನಲ್ಲಿ, ಆ ನೀರನ್ನು ಕೊನೆಯ ಹನಿಯವರೆಗೂ ಗೋಧಿಗೆ ಬಿಟ್ಟು, ಕ್ರಿಮಿ ನುಸುಳದಿರಲೆಂದು ಬಾಟಲಿಗಳ ಮುಚ್ಚಳದ ಗಾಳಿಕಂಡಿಗಳಿಗೂ ಟೇಪ್ ಸುತ್ತಿಬಿಟ್ಟೆ.

ಇತ್ತ ನನ್ನ ಹೆಂಡತಿ ಮನೆಯಲ್ಲೇ ಬ್ರೆಡ್ ಮಾಡಿ ಮಾರುತ್ತಾಳೆ. ಅಂಗಡಿಯ ಯೀಸ್ಟನ್ನು ಮುಟ್ಟುವುದಿಲ್ಲ. ಒಣದ್ರಾಕ್ಷಿಯನ್ನು ದಿನಗಟ್ಟಲೆ ನೆನೆಹಾಕಿ, ಹುದುಗು ಬಂದ ಆ ನೀರಿನಿಂದಲೇ ಹಿಟ್ಟು ಉಬ್ಬಿಸುತ್ತಾಳೆ. ಆ ರುಚಿಗೆ ಮನಸೋತು ರಸ್ತೆ ತಿರುವಿನ ಕಾಫಿ ಅಂಗಡಿಯವನು ಬುಧವಾರ ಬೆಳಿಗ್ಗೆಗೆ ಇಪ್ಪತ್ತು ಬ್ರೆಡ್ ಕೇಳಿದ್ದ. ಗಿರಾಕಿಗಳು ಮೆಚ್ಚಿದರೆ ದಿನಾ ಆರ್ಡರ್. ಇಲ್ಲದಿದ್ದರೆ ಬೇರೆ ಬೇಕರಿ. ಈ ಒಂದು ಆರ್ಡರಿಗಾಗಿ ಅವಳು ಎಷ್ಟು ಅಂಗಡಿಗಳ ಮೆಟ್ಟಿಲು ಹತ್ತಿಳಿದಿದ್ದಳೆಂದು ನನಗೆ ಗೊತ್ತಿತ್ತು.

ಮಂಗಳವಾರ ಮಧ್ಯಾಹ್ನ ಅಡುಗೆಮನೆಯಿಂದ ಕೂಗು. "ರೀ! ಬೆಳಿಗ್ಗೆ ಕಲಸಿದ ಹಿಟ್ಟು, ಇನ್ನೂ ಕಲ್ಲು ಬಿದ್ದ ಹಾಗೆ ಬಿದ್ದಿದೆ!"

"ತಾಳ್ಮೆ ಬೇಕು ಕಣೇ."

"ಅದನ್ನೇ ಹಾಕಿ ಕಲಸ್ಲಾ?"

ಅಷ್ಟರಲ್ಲಿ ಸ್ಟೋರ್‌ರೂಮಿನಲ್ಲಿ ಢಮಾರ್! ಓಡಿಹೋದೆವು. ಮುಚ್ಚಳವೊಂದು ಹಾರಿ ಬಲ್ಬನ್ನು ಬಲಿ ತೆಗೆದುಕೊಂಡಿತ್ತು. ಗೋಧಿಕಾಳು ಛಾವಣಿಗೆ ಮೆತ್ತಿಕೊಂಡಿತ್ತು. ಉಳಿದ ಬಾಟಲಿಗಳು ಬುಸುಗುಡುತ್ತಿದ್ದವು. ಹೆಂಡತಿ ಮೂಗರಳಿಸಿದಳು.

"ಇದು ನನ್ನ ದ್ರಾಕ್ಷಿ ವಾಸನೆ! ಶೆಲ್ಫಿನ ಬಾಟಲಿಗಳಿಗೆ ಚೀಟಿ ಅಂಟಿಸಿದ್ದೆನಲ್ಲ, ಎಲ್ಲಿ?"

"ಅದೂ... ಅಂಟಿನಲ್ಲಿ ಕ್ರಿಮಿ ಇರುತ್ತೆ ಅಂತ ಕಿತ್ತು, ಉಜ್ಜಿ ತೊಳೆದೆ."

"ನನ್ನದರದ್ದೂ?"

"ವಿಜ್ಞಾನದಲ್ಲಿ ತಾರತಮ್ಯ ಇಲ್ಲ."

ಎರಡೂ ಜೇನುಬಣ್ಣದ ನೀರು. ಎರಡೂ ಒಂದೇ ಅಳತೆಯ ಬಾಟಲಿ. ಎರಡು ಮಾಸ್ಕಿನೊಳಗಿದ್ದ ನನ್ನ ಮೂಗಿಗೆ ದ್ರಾಕ್ಷಿ ತಿಳಿದಿರಲಿಲ್ಲ. ಅವಳ ಹುದುಗು ನನ್ನ ಗೋಧಿಗೆ ಬಿದ್ದಿತ್ತು. ನನ್ನ ಅಣಬೆ ಅವಳ ಹಿಟ್ಟಿಗೆ!

"ಹಾಗಾದ್ರೆ ಹಿಟ್ಟಿಗೆ ಜಡೆ ಬರುತ್ತಾ?" ಅತ್ತೆ ನಿಜವಾಗಿಯೇ ಕೇಳಿದರು.

 ಹೆಂಡತಿ ಹಿಟ್ಟಿನ ಮೂಟೆಯ ಮೇಲೆ ಕುಸಿದು ಕುಳಿತಳು. ಬೈದಿದ್ದರೆ ಎಷ್ಟೋ ಮೇಲಿತ್ತು.

ಆಮೇಲೆ ಎದ್ದು, ಬಾಟಲಿಯಿಂದ ನಾಲ್ಕು ಕಾಳು ತೆಗೆದು ಮೂಸಿ, ಬಾಯಿಗೆ ಹಾಕಿಕೊಂಡಳು. ಅಗಿದಳು. ಸೆರಗು ಸಿಕ್ಕಿಸಿದಳು.

"ಹುದುಗು ಸತ್ತಿಲ್ಲ, ಮನೆ ಬದಲಾಯಿಸಿದೆ ಅಷ್ಟೇ. ಹಳೇ ಹಿಟ್ಟು ಎಸೀರಿ. ಹೊಸ ಹಿಟ್ಟು ಜರಡಿ ಹಿಡೀರಿ. ಈ ಗೋಧಿ ಹಾಕೇ ಕಲಸ್ತೀನಿ."

"ಆದರೆ ನನ್ನ ಪ್ರಯೋಗ..."

"ರೀ!"

ಜರಡಿ ಹಿಡಿದೆ. ಕೈ ನೋಯುವವರೆಗೆ ನಾದಿದೆ. ಹಿಟ್ಟು ಮೆಲ್ಲನೆ ಉಬ್ಬತೊಡಗಿದಾಗ ನನ್ನ ಜೀವವೂ ಮರಳಿತು. ಬುಧವಾರ ಬೆಳಿಗ್ಗೆ ಇಪ್ಪತ್ತು ಬ್ರೆಡ್ಡುಗಳು, ಮೈತುಂಬ ಗೋಧಿಕಾಳು ತೊಟ್ಟು, ಬಿಸಿಬಿಸಿಯಾಗಿ ಅಂಗಡಿ ಸೇರಿದವು.

ಕಾಫಿ ಹೊತ್ತು ಮುಗಿಯುವುದರೊಳಗೆ ಅಂಗಡಿಯವನ ಫೋನ್ ಬಂತು. ಹೆಂಡತಿ ಸ್ಪೀಕರ್ ಹಾಕಿದಳು.

"ಅಕ್ಕಾ, ಎಲ್ಲ ಖಾಲಿ! ಈ ಕಾಳಿನ ಬ್ರೆಡ್ಡೇ ದಿನಾ ಬೇಕು. ಆ ಗೋಧಿ ಯಾರು ಮಾಡೋದು?"

"ನಮ್ಮ ಯಜಮಾನ್ರು. ಅಣಬೆ ಬೆಳೆಯೋಕೆ ಹೋಗಿ ಕೆಡಿಸ್ತಾರಲ್ಲ, ಅದೇ."

"ದಿನಾ ಕೆಡಿಸ್ತಾರಾ?"

"ನೋಡಿ, ಇದೊಂದು ಆಕಸ್ಮಿಕ..." ಎಂದು ನಾನು ಗಂಟಲು ಸರಿಪಡಿಸಿಕೊಂಡೆ.

ಅವಳು ಫೋನನ್ನು ತನ್ನತ್ತ ಎಳೆದುಕೊಂಡಳು. "ಆ ಚಿಂತೆ ಬಿಡಿ. ಅವರ ಸಾಮರ್ಥ್ಯ ಎಷ್ಟು ಅಂತ ಅವರೇ ನಮ್ಮಣ್ಣನ ಹತ್ರ ಎದೆ ತಟ್ಟಿ ಹೇಳಿದಾರೆ: ದಿನಕ್ಕೆ ಮೂವತ್ತಾರು ಬಾಟಲಿ!"